ನೆಂಟರು ಹೊರಡುವವರೆಗೆ

ನಮ್ಮೂರಿನ ಸರ್ವೆ ತೋಪಿಗೆ ಚಿಟ್ಟೆಗಳು ಬಂದು ಕೂತ ಮೇಲೆ, ಅವು ವಾಪಸು ಹೊರಡುವವರೆಗೆ ಊರೊಳಗಿದ್ದವರು ಯಾರೂ ಊರು ಬಿಡುವ ಹಾಗಿಲ್ಲ. ಬಿಟ್ಟರೆ ಪೊಲೀಸರು ಹಿಡಿಯುತ್ತಾರೆ ಅಂತೇನೂ ಅಲ್ಲ, ಪೊಲೀಸರೂ ಒಳಗೇ ಸಿಕ್ಕಿಕೊಂಡಿರುತ್ತಾರೆ. ಯಾರಾದರೂ ಹೊಳೆಯ ಸೇತುವೆ ದಾಟಿದರೆ ಚಿಟ್ಟೆಗಳು ಮರ ಬಿಟ್ಟೆದ್ದು ಅವರ ಹಿಂದೆಯೇ ಹೊರಟುಬಿಡುತ್ತವೆ, ಅಷ್ಟೆ. ನಮ್ಮಪ್ಪನ ಕಾಲದಲ್ಲಿ ಒಬ್ಬರು ಕೋರ್ಟಿಗೆ ಹಾಜರಾಗಲೇಬೇಕೆಂದು ಮಂಜು ಮುಸುಕಿದ ಬೆಳಿಗ್ಗೆ ಸೇತುವೆ ದಾಟಿದರಂತೆ. ಇಡೀ ತೋಪು ಅವರ ಬೆನ್ನು ಹತ್ತಿತಂತೆ. ಚಳಿಗೆ ರೆಕ್ಕೆ ಸೆಟೆದು ರಸ್ತೆ ತುಂಬ ಉದುರಿದ ಚಿಟ್ಟೆಗಳನ್ನು ಊರಿನ ಹೆಂಗಸರು ಮೊರದಲ್ಲಿ ತುಂಬಿ ತಂದು ಬಿಸಿಲಿಗೆ ಹರವಿದರು. ಎದ್ದವು ಕೆಲವೇ. ಆ ಮನುಷ್ಯ ಕೇಸು ಗೆದ್ದು ಬಂದರೂ ಊರಲ್ಲಿ ಯಾರೂ ಅವರಿಗೆ ಒಂದು ಲೋಟ ನೀರು ಕೊಡಲಿಲ್ಲ. ಆಮೇಲೆಯೇ ಸೇತುವೆಯ ನಡುವೆ ಬಿಳಿ ಸುಣ್ಣದ ಗೆರೆ ಬಂದದ್ದು.

ಪುಸ್ತಕದಲ್ಲಿ ಅವಕ್ಕೆ ಮೊನಾರ್ಕ್ ಅನ್ನುತ್ತಾರಂತೆ. ನಾವು ನೆಂಟರು ಅನ್ನುತ್ತೇವೆ. ಕಿತ್ತಳೆ ಬಣ್ಣ, ಕಪ್ಪು ಗೆರೆ, ಅಂಚಿನಲ್ಲಿ ಬಿಳಿ ಚುಕ್ಕೆ. ಒಂದರ ಮೇಲೊಂದು ಕೂತರೆ ಸರ್ವೆ ಕೊಂಬೆಗಳು ಬಾಗುತ್ತವೆ. ನೆಂಟರು ಇರುವಷ್ಟು ದಿನ ನಮ್ಮಲ್ಲಿ ಮೈಕು ಹಾಕುವುದಿಲ್ಲ, ಕಸ ಸುಡುವುದಿಲ್ಲ, ಹೊರಗಿನ ಬಸ್ಸು ಸೇತುವೆಯ ಆಚೆ ಬದಿಗೇ ತಿರುಗಿಕೊಂಡು ಹೋಗುತ್ತದೆ. ಸಾಮಾನು ಬಂದರೆ ಬಿಳಿ ಗೆರೆಯ ಆಚೆ ಇಡುತ್ತಾರೆ, ನಾವು ಈಚೆಯಿಂದ ಎಳೆದುಕೊಳ್ಳುತ್ತೇವೆ. ಮದುವೆಯಾದ ಹುಡುಗಿ ಗಂಡನ ಮನೆಗೆ ಹೋಗುವುದು, ಬಾಣಂತಿ ತವರಿನಿಂದ ಹೊರಡುವುದು, ವರ್ಗವಾದ ಮೇಷ್ಟ್ರು ಗಂಟುಮೂಟೆ ಕಟ್ಟುವುದು ಎಲ್ಲವೂ ನೆಂಟರು ಹೊರಟ ಮೇಲೆ. ಯಾರಿಗೂ ಇದು ವಿಚಿತ್ರ ಅನ್ನಿಸುವುದಿಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ ಅಂತ ಯಾರಾದರೂ ಆಶ್ಚರ್ಯಪಡುತ್ತಾರೆಯೇ?

ನನಗಂತೂ ಅದರಿಂದ ಅನುಕೂಲವೇ. ಬಸ್ ನಿಲ್ದಾಣದ ಎದುರಿಗೆ ನನ್ನದೊಂದು ಊಟದ ಹೋಟೆಲಿದೆ. ಪ್ರತಿ ವರ್ಷ ಒಬ್ಬಿಬ್ಬರಾದರೂ ಒಂದು ದಿನದ ಕೆಲಸಕ್ಕೆಂದು ಬಂದು ಇಡೀ ಚಳಿಗಾಲ ಸಿಕ್ಕಿಬೀಳುತ್ತಾರೆ, ನನ್ನಲ್ಲೇ ಉಣ್ಣುತ್ತಾರೆ. ಮನುಷ್ಯನನ್ನು ಅವನು ಸಾರು ಕಲಸಿಕೊಳ್ಳುವ ರೀತಿಯಲ್ಲೇ ನಾನು ಅಳೆಯುವುದು. ಇನ್ಶೂರೆನ್ಸ್ ಏಜೆಂಟ್ ಪಾಲಾಕ್ಷಪ್ಪ ಅನ್ನದ ನಡುವೆ ಬಾವಿ ತೋಡಿ ಸಾರು ತುಂಬಿಸಿ, ಅದು ಒಡೆದು ಎಲೆಯಿಂದಾಚೆ ಹರಿದ ಮೇಲೆ ಗಾಬರಿಯಾಗುವ ಮನುಷ್ಯ. ಅವರು ಮೂರು ವರ್ಷ ಸತತವಾಗಿ ಸಿಕ್ಕಿಬಿದ್ದರು. ಲವೀನಾ ಮೇಡಂ ಹಾಗಲ್ಲ. ಅವರು ಕರಾವಳಿ ಕಡೆಯವರು, ಕಾಲೇಜಿನಲ್ಲಿ ಚಿಟ್ಟೆಗಳ ವಿಷಯವೇ ಪಾಠ ಮಾಡುವವರು, ಬೇಕೆಂದೇ ಬಂದು ಸಿಕ್ಕಿಕೊಳ್ಳುತ್ತಾರೆ. ಸಾರನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿಯುತ್ತಾರೆ, ಅನ್ನಕ್ಕೆ ಮುಟ್ಟಿಸುವುದೇ ಇಲ್ಲ.

ನನಗೂ ನನ್ನ ಹೆಂಡತಿ ದಾಕ್ಷಾಯಿಣಿಗೂ ಮಕ್ಕಳಿಲ್ಲ. ಇಲ್ಲ ಅಂದರೆ ಪೂರ್ತಿ ಸುಳ್ಳಾಗುತ್ತದೆ. ನಾಲ್ಕು ವರ್ಷದಿಂದ ನಮ್ಮ ಮನೆಯಲ್ಲಿ ಕುಮುದ ಇದ್ದಳು. ಅವಳು ದಾಕ್ಷಾಯಿಣಿಯ ತಂಗಿ ಸರ್ವಮಂಗಳನ ಮಗಳು. ಗಂಡ ತೀರಿಕೊಂಡ ಮೇಲೆ ಸರ್ವಮಂಗಳನಿಗೆ ಎದೆಯ ಕಾಯಿಲೆ ಬಂದು ಆಸ್ಪತ್ರೆ ಸೇರುವಾಗ, ಎರಡು ವರ್ಷದ ಕೂಸನ್ನು ಅಕ್ಕನ ಮಡಿಲಿಗೆ ಹಾಕಿ, "ನಾನು ಬದುಕಿದ್ರೆ ಬಂದು ಕರ್ಕೊಂಡು ಹೋಗ್ತೀನಿ ಅಕ್ಕ" ಅಂದಿದ್ದಳು. ಬದುಕಿದಳು. ಬಯಲು ಸೀಮೆಯ ಒಂದು ಪಟ್ಟಣದಲ್ಲಿ ಹೊಲಿಗೆ ಅಂಗಡಿ ಹಾಕಿದಳು, ಮೈ ತುಂಬಿಕೊಂಡಳು. ತಂಗಿ ಬದುಕಲಿ ಅಂತ ಹರಕೆ ಹೊತ್ತದ್ದು ದಾಕ್ಷಾಯಿಣಿಯೇ. ಈಗ ತಂಗಿ ಬರುತ್ತಾಳೆ ಅಂತ ಎದೆ ಒಡೆದುಕೊಂಡದ್ದೂ ದಾಕ್ಷಾಯಿಣಿಯೇ. ಈ ಸಲ ನೆಂಟರು ಹೊರಟ ಕೂಡಲೇ ಕುಮುದಳನ್ನು ಕಳಿಸುವುದು, ಹೊಸ ಶಾಲೆಗೆ ಅಲ್ಲೇ ಸೇರಿಸುವುದು ಅಂತ ಮಾತಾಗಿತ್ತು.

ಆ ಚಳಿಗಾಲ ಸರ್ವಮಂಗಳ ಪ್ರತಿ ಭಾನುವಾರ ಬಸ್ಸು ಹತ್ತಿ ಬರುತ್ತಿದ್ದಳು. ಒಳಗೆ ಬಂದರೆ ತಾನೂ ಸಿಕ್ಕಿಬಿದ್ದು ಅಂಗಡಿ ಮುಚ್ಚಬೇಕಾಗುತ್ತದೆ, ಹಾಗಾಗಿ ಬಿಳಿ ಗೆರೆಯ ಆಚೆ ನಿಲ್ಲುತ್ತಿದ್ದಳು. ನಾನು ಕುಮುದಳನ್ನು ಈಚೆಗೆ ಕರೆದುಕೊಂಡು ಹೋಗಿ ನಿಲ್ಲಿಸುತ್ತಿದ್ದೆ. ಮಗು ಮೊದಮೊದಲು ನನ್ನ ಪಂಚೆ ಹಿಡಿದು ಹಿಂದೆ ಅವಿತುಕೊಳ್ಳುತ್ತಿತ್ತು. "ನಿನಗೆ ಯಾವ ಬಣ್ಣದ ಲಂಗ ಹೊಲೀಲಿ ಚಿನ್ನ?" ಅಂತ ತಾಯಿ ಕೇಳಿದರೆ, ನನ್ನ ಕಿವಿಗೆ ಪಿಸುಗುಟ್ಟುತ್ತಿತ್ತು. ನಾನು "ಹಸಿರಂತೆ!" ಅಂತ ಕೂಗಬೇಕು. ಮಾರನೇ ಭಾನುವಾರ ಹಸಿರು ಲಂಗ ಗೆರೆಯ ಮೇಲೆ ಬಂದು ಬೀಳುತ್ತಿತ್ತು. ದಾಕ್ಷಾಯಿಣಿ ಒಂದು ದಿನವೂ ಸೇತುವೆಯ ಕಡೆ ಬರಲಿಲ್ಲ. ಭಾನುವಾರ ಬಂದರೆ ಅವಳಿಗೆ ಅಟ್ಟದ ಮೇಲಿನ ಪಾತ್ರೆಗಳೆಲ್ಲ ನೆನಪಾಗುತ್ತಿದ್ದವು.

ಹಿಂದಿನ ವರ್ಷದ ಒಂದು ಮಾತು ಇಲ್ಲಿ ಹೇಳಬೇಕು. ಊಟ ಮುಗಿಸಿ ಕೂತಿದ್ದ ಲವೀನಾ ಮೇಡಂ ಕುಮುದಳಿಗೆ ಚಿಟ್ಟೆಗಳ ಸಂಸಾರ ವಿವರಿಸುತ್ತಿದ್ದರು. "ಈಗ ಮರದಲ್ಲಿ ಕೂತದ್ದುಂಟಲ್ಲ, ಇವು ಇಲ್ಲಿ ಮೊಟ್ಟೆ ಇಡುವುದಿಲ್ಲ. ಮೈಯಲ್ಲಿದ್ದ ಕೊಬ್ಬು ಕರಗಿಸಿಕೊಂಡು ಚಳಿ ಕಳೆಯುತ್ತವೆ, ಅಷ್ಟೆ. ಬಿಸಿಲು ಏರಿದ ಮೇಲೆ ಬಯಲಿಗೆ ಇಳಿದು, ಎಕ್ಕದ ಗಿಡ ಹುಡುಕಿ, ಅದರ ಎಲೆಯಡಿ ಮೊಟ್ಟೆ ಇಟ್ಟು ಸಾಯುತ್ತವೆ. ಅವುಗಳ ಮಕ್ಕಳು ತಿಂಗಳೊಪ್ಪತ್ತು ಬದುಕಿದರೆ ಹೆಚ್ಚು. ಅವು ಇನ್ನೂ ಮುಂದೆ ಹೋಗುತ್ತವೆ, ಅವುಗಳ ಮಕ್ಕಳು ಇನ್ನೂ ಮುಂದೆ. ಮುಂದಿನ ವರ್ಷ ಇಲ್ಲಿಗೆ ಬರುವುದು ಇವುಗಳ ಮರಿಮಕ್ಕಳು."

"ಹಂಗಾದ್ರೆ ಅವು ನಮ್ಮೂರನ್ನ ನೋಡೇ ಇರಲ್ವಾ?" ಅಂದಳು ಕುಮುದ.

"ಇಲ್ಲ ಮಗಾ."

"ಮತ್ತೆ ದಾರಿ ಯಾರು ಹೇಳ್ತಾರೆ?"

"ಅದು ಗೊತ್ತಾಗದೆಯೇ ಅಲ್ಲವಾ ನಾನು ನಿನ್ನ ದೊಡ್ಡಪ್ಪನ ಸಾರು ಕುಡಿದುಕೊಂಡು ಪ್ರತಿ ವರ್ಷ ಇಲ್ಲಿ ಬಿದ್ದಿರುವುದು!"

ಆಗ ದಾಕ್ಷಾಯಿಣಿ ಎಲೆ ತೆಗೆಯುತ್ತಾ ಕೇಳಿದಳು, "ಕೆಳಗೆ ಎಕ್ಕ ಸಿಗದಿದ್ರೆ ಏನ್ ಮಾಡ್ತಾವೆ ಮೇಡಂ?"

"ಸಿಗದಿದ್ದರೆ ಮುಗಿಯಿತು. ಹುಳಕ್ಕೆ ಬೇರೆ ಎಲೆ ಆಗುವುದಿಲ್ಲ. ಬಯಲಿನವರು ಎಕ್ಕ ಕಂಡಲ್ಲೆಲ್ಲ ಕಳೆನಾಶಕ ಹೊಡೆಯುತ್ತಾರೆ, ನನಗೆ ಅದೇ ಚಿಂತೆ."

"ಇಲ್ಲೇ ಎಕ್ಕ ಸಿಕ್ಕಿದ್ರೆ?"

"ಇಲ್ಲೇ ಸಿಕ್ಕಿದರೆ ಹೋಗುವುದು ಯಾಕೆ ಮಾರಾಯ್ರೆ? ಆರಾಮಾಗಿ ಕೂತುಬಿಡುತ್ತವೆ," ಅಂತ ಮೇಡಂ ನಕ್ಕರು. ನನ್ನ ಹೆಂಡತಿಗೆ ಎಂಥ ಕರುಣೆ ಅಂತ ನಾನೂ ಹಿಗ್ಗಿದೆ. ಅವಳ ತಲೆಯಲ್ಲಿ ಏನು ಬೇಯುತ್ತಿತ್ತು ಅಂತ ಒಗ್ಗರಣೆ ಘಮ ಹಿಡಿದೇ ಅಡುಗೆಯ ಹದ ಹೇಳುವ ನನಗೇ ಗೊತ್ತಾಗಲಿಲ್ಲ.

ಸರ್ವಮಂಗಳ ಗೆರೆಯ ಆಚೆ ನಿಲ್ಲುತ್ತಿದ್ದ ಆ ವರ್ಷದ ಚಳಿ ಸರಿಯಿತು. ಬೆಳಗಿನ ಬಿಸಿಲು ತೋಪಿನೊಳಗೆ ಇಳಿಯಿತು. ನೆಂಟರು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸಿಕೊಂಡರು, ಒಂದಷ್ಟು ಹಾರಿದರು, ಮತ್ತೆ ಬಂದು ಕೂತರು. ಹೊರಡುವ ದಿನ ಬಂತು, ಹೋಯಿತು. ನೆಂಟರದು ಒಂದು ಗುಣವಿದೆ. ಹೊರಟರೆ ಎಲ್ಲರೂ ಒಟ್ಟಿಗೆ, ಒಬ್ಬರನ್ನು ಬಿಟ್ಟು ಒಬ್ಬರು ಹೊರಡುವವರಲ್ಲ. ಊರಿನಲ್ಲಿ ಗೊಣಗಾಟ ಶುರುವಾಯಿತು. ಗಂಡನ ಮನೆಗೆ ಹೊರಡಬೇಕಾದ ಹುಡುಗಿಯರು ಪೆಟ್ಟಿಗೆ ಕಟ್ಟಿ ಬಿಚ್ಚಿ ಸಾಕಾದರು. ಪಾಲಾಕ್ಷಪ್ಪ ದಿನವೂ ತೋಪಿನಡಿ ನಿಂತು, "ಏನ್ರಪ್ಪಾ, ಮನೆ ಮಠ ಇಲ್ವಾ ನಿಮ್ಗೆ?" ಅಂತ ಮೇಲೆ ನೋಡಿ ಬೈಯುತ್ತಿದ್ದರು. ಲವೀನಾ ಮೇಡಂ ಮಾತ್ರ ಬೈಯಲಿಲ್ಲ. ಉಣ್ಣುವುದು ಕಡಿಮೆ ಮಾಡಿದರು. ಒಂದು ಮಧ್ಯಾಹ್ನ ಸಾರಿನ ಲೋಟ ಹಾಗೇ ಬಿಟ್ಟು ಎದ್ದಾಗ ನಾನು ಕೇಳಿದೆ.

"ಅವುಗಳ ಮೈಯ ಕೊಬ್ಬು ಮುಗಿಯುತ್ತಾ ಬಂತು," ಅಂದರು. "ಈಗ ಹೋಗಿ ಮೊಟ್ಟೆ ಇಡದಿದ್ದರೆ ಇಲ್ಲೇ ಒಂದೊಂದಾಗಿ ಬೀಳುತ್ತವೆ. ಮುಂದಿನ ವರ್ಷ ಬರುವುದಕ್ಕೆ ಯಾರೂ ಇರುವುದಿಲ್ಲ."

ಮುಂದಿನ ವರ್ಷ ನೆಂಟರಿಲ್ಲದ ಸರ್ವೆ ತೋಪನ್ನು ನೆನೆಸಿಕೊಂಡು ನಾನು ಆ ತಣ್ಣಗಾದ ಸಾರಿನ ಲೋಟವನ್ನು ಎತ್ತಿಟ್ಟೆ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದಾಕ್ಷಾಯಿಣಿಯ ಮುಖ ಬಿಳಿಚಿತ್ತು. ನನ್ನ ಹಾಗೇ ಅವಳಿಗೂ ಸಂಕಟವಾಗಿದೆ ಅಂದುಕೊಂಡೆ.

ಅದಾದ ನಾಲ್ಕೈದು ದಿನಕ್ಕೆ, ಹೋಟೆಲಿನ ತುಂಬ ಜನ ಉಣ್ಣುತ್ತಿರುವಾಗ, ಕುಮುದ ಹಿತ್ತಿಲ ಬಾಗಿಲಿನಿಂದ ಬಂದಳು. ಎರಡೂ ಅಂಗೈ ಜೋಡಿಸಿ, ತುಂಬಿದ ನೀರಿನ ಬಟ್ಟಲು ಹಿಡಿದವಳಂತೆ ನಿಧಾನವಾಗಿ ನಡೆದು ಸೀದಾ ದೊಡ್ಡಮ್ಮನ ಹತ್ತಿರ ಹೋದಳು. ಕೈಯಲ್ಲಿ ಒಂದು ಚಿಟ್ಟೆ. ಈಗಷ್ಟೇ ಗೂಡಿನಿಂದ ಬಂದದ್ದು. ಅದರ ರೆಕ್ಕೆಗಳು ಹಿಂಡಿ ಬಿಸಾಕಿದ ಒದ್ದೆ ಬಟ್ಟೆಯ ಹಾಗೆ ಮುದುಡಿಕೊಂಡಿದ್ದವು.

"ದೊಡ್ಡಮ್ಮಾ, ಇದೂ ಬಿಚ್ಕೊಳ್ತಿಲ್ಲ. ನಿನ್ನೇದೂ ಬಿಚ್ಕೊಳ್ಳಲಿಲ್ಲ. ಬಿಸಿಲಲ್ಲಿ ಇಟ್ಟೆ, ಊದಿದೆ, ಏನ್ ಮಾಡಿದ್ರೂ ಬಿಚ್ಕೊಳ್ತಿಲ್ಲ."

ಉಣ್ಣುತ್ತಿದ್ದವರ ಕೈಗಳು ನಿಂತವು. ನಮ್ಮೂರಿನಲ್ಲಿ ನೆಂಟರು ಮರಿ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಲವೀನಾ ಮೇಡಂ ಎಲೆ ಬಿಟ್ಟು ಎದ್ದು ಬಂದು, ಬಗ್ಗಿ ನೋಡಿ, ಮೆಲ್ಲಗೆ ಕೇಳಿದರು. "ಇದು ಎಲ್ಲಿತ್ತು ಮಗಾ?"

ಕುಮುದ ದೊಡ್ಡಮ್ಮನ ಮುಖ ನೋಡಿದಳು. ಅದು ಅವರಿಬ್ಬರ ಗುಟ್ಟಾಗಿತ್ತು. ದಾಕ್ಷಾಯಿಣಿ ಸಾರಿನ ಸೌಟನ್ನು ಪಾತ್ರೆಯೊಳಗೆ ಇಟ್ಟು, "ಬನ್ನಿ ಮೇಡಂ, ತೋರಿಸ್ತೀನಿ," ಅಂದಳು.

ನಮ್ಮ ಬಚ್ಚಲಿನ ಹಿಂದೆ ಹಂಡೆ ಒಲೆಯ ಗೋಡೆಯಿದೆ. ಹೋಟೆಲಿನ ಒಲೆಯಾದ್ದರಿಂದ ಬೆಳಗಿನಿಂದ ಸಂಜೆವರೆಗೆ ಉರಿ ಆರುವುದಿಲ್ಲ, ಗೋಡೆ ಎಂಥ ಚಳಿಯಲ್ಲೂ ಬೆಚ್ಚಗಿರುತ್ತದೆ. ಆ ಗೋಡೆಯ ಬುಡದಲ್ಲಿ, ಸೌದೆ ರಾಶಿಯ ಮರೆಯಲ್ಲಿ ಹತ್ತಾರು ಗಿಡಗಳು ಮೊಣಕಾಲೆತ್ತರಕ್ಕೆ ಬೆಳೆದು ನಿಂತಿದ್ದವು. ಕೆಂಪು ಹಳದಿ ಹೂವು. ಎಕ್ಕದ ಜಾತಿಯದೇ, ಮುರಿದರೆ ಹಾಲು ಬರುವಂಥದ್ದು, ಆದರೆ ನಮ್ಮ ಕಡೆಯದಲ್ಲ. ಚಳಿಗಾಲಕ್ಕೆ ಮುಂಚೆ ಗಿಡದ ಗಾಡಿಯವನ ಹತ್ತಿರ ಕೊಂಡು ನೆಟ್ಟಿದ್ದಳಂತೆ. ಬಯಲಿನ ಎಕ್ಕ ಈ ಎತ್ತರದ ಚಳಿಗೆ ಎಲೆ ಉದುರಿಸಿ ಕೂತುಬಿಡುತ್ತದೆ, ಇದು ವರ್ಷವಿಡೀ ಹಸಿರು. ಎಲೆಗಳ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳಗಳು. ಸೌದೆಯ ತುದಿಗಳಲ್ಲಿ ಚಿನ್ನದ ಚುಕ್ಕೆ ಇಟ್ಟ ಹಸಿರು ಗೂಡುಗಳು ತೂಗುತ್ತಿದ್ದವು. ನೋಡುವುದಕ್ಕೆ ಅಷ್ಟು ಚಂದ, ಯಾರಿಗಾದರೂ ಇದು ತಪ್ಪು ಅಂತ ಹೇಗೆ ಅನ್ನಿಸಬೇಕು?

"ನಾನೇ ನೆಟ್ಟದ್ದು," ಅಂದಳು ದಾಕ್ಷಾಯಿಣಿ. "ಅವು ಹೋಗದಿದ್ರೆ ಇವಳೂ ಹೋಗಲ್ಲ ಅಂತ. ಒಂದು ವರ್ಷ ಅಂತ ಅಲ್ಲ ಮೇಡಂ. ಅವು ಇಲ್ಲೇ ಮರಿ ಮಾಡ್ಕೊಂಡು ಇಲ್ಲೇ ಇದ್ದುಬಿಟ್ರೆ ಯಾವತ್ತೂ ಯಾರೂ ಹೋಗೋ ಹಾಗಿಲ್ಲ ಅಲ್ವಾ? ಅವಕ್ಕೂ ಕಷ್ಟ ಇಲ್ಲ, ಊಟ ಇಲ್ಲೇ ಸಿಗುತ್ತೆ ಅಂದ್ಕೊಂಡೆ. ಪ್ರಾಣಿಗಳಿಗೆ ಕೇಡು ಮಾಡ್ಬೇಕು ಅಂತ ಇರ್ಲಿಲ್ಲ ನನಗೆ."

ಲವೀನಾ ಮೇಡಂ ಬೈಯುತ್ತಾರೆ ಅಂತ ನಾನು ಕಾದೆ. ಅವರು ಸೌದೆಯ ಮೇಲೆ ಕೂತುಕೊಂಡರು. "ನನಗೆ ಅರ್ಥವಾಗುತ್ತದೆ ಅಮ್ಮಾ. ಪ್ರೀತಿಯಿಂದ ಹೀಗೆ ನೆಟ್ಟವರನ್ನು ಬೇರೆ ಕಡೆಯೂ ನೋಡಿದ್ದೇನೆ. ಎಲೆ ಉದುರಿ ಹೊಸದು ಬಂದರೆ ಗಿಡದ ರೋಗವೂ ಉದುರಿಹೋಗುತ್ತದೆ. ಇದು ಉದುರುವುದೇ ಇಲ್ಲವಲ್ಲ, ಬಂದ ಚಿಟ್ಟೆಯೆಲ್ಲ ಇದರ ಮೇಲೇ ಕೂತು ಬೂದಿಯಂಥ ರೋಗ ಉದುರಿಸುತ್ತದೆ. ಹುಳ ಅದನ್ನು ತಿನ್ನುತ್ತದೆ. ರೆಕ್ಕೆ ಹೀಗಾಗುತ್ತದೆ."

ಕುಮುದ ಕೈಯಲ್ಲಿದ್ದುದನ್ನೇ ನೋಡುತ್ತಿದ್ದಳು. "ಇದು ಹೋಗೋ ಹಾಗೇ ಇಲ್ವಾ?" ಅಂತ ಕೇಳಿದಳು. ದಾಕ್ಷಾಯಿಣಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಮೊದಲ ಗಿಡವನ್ನು ಬುಡ ಸಮೇತ ಕಿತ್ತಳು. ಆಮೇಲೆ ಎರಡನೆಯದು. ಕೈತುಂಬ ಹಾಲು ಸುರಿಯುತ್ತಿತ್ತು. ನಾನು ಸಹಾಯಕ್ಕೆ ಹೋದರೆ, "ನೀವು ಬಿಡಿ, ನಾನೇ ಕೀಳ್ಬೇಕು," ಅಂದಳು. ಎಲ್ಲವನ್ನೂ ಹಂಡೆ ಒಲೆಗೆ ತುಂಬಿ, ಹೊಗೆ ತೋಪಿನ ಕಡೆ ಹೋಗದ ಹಾಗೆ ಬಾಗಿಲಿಗೆ ಗೋಣಿ ಕಟ್ಟಿ, ಒಳಗೆ ಅವಳೊಬ್ಬಳೇ ಕೆಮ್ಮುತ್ತಾ ಕೂತಳು.

ಆ ಮಧ್ಯಾಹ್ನ ನಾನು ಅವಳ ಹತ್ತಿರ ಹೋದಾಗ ಅವಳು ಅಳುತ್ತಿರಲಿಲ್ಲ. "ನಾಲ್ಕು ವರ್ಷ ದಿನಾ ತಲೆ ಬಾಚಿದೀನಿ ರೀ," ಅಂದಳು. "ಅವಳ ಬೈತಲೆ ಎಡಕ್ಕೆ ಓಡುತ್ತೆ. ಮಂಗಳಂಗೆ ಅದು ಗೊತ್ತಿಲ್ಲ." ನನಗೆ ಸಮಾಧಾನದ ಮಾತು ಬರುವುದಿಲ್ಲ. ಮಜ್ಜಿಗೆ ತಂದುಕೊಟ್ಟೆ. ಕುಡಿದಳು.

ಗಿಡ ಹೋದರೂ ನೆಂಟರು ಹೊರಡಲಿಲ್ಲ. ಪಾಲಾಕ್ಷಪ್ಪನಿಗೆ ಆವೇಶ ಬಂತು. "ಈಗ ಚಳಿ ಇಲ್ವಲ್ಲ, ಹಿಂದೆ ಬಂದ್ರೂ ಸಾಯಲ್ಲ. ನಾನೇ ದಾಟ್ತೀನಿ, ಅವು ಬರ್ಲಿ," ಅಂತ ಬ್ಯಾಗು ಕಂಕುಳಿಗೆ ಹಾಕಿಕೊಂಡು ಹೊರಟರು. ಮೇಡಂ ಕೂಡ ಯೋಚಿಸಿ ಹೂಂ ಅಂದರು. ಊರೆಲ್ಲ ಸೇತುವೆಯ ಹತ್ತಿರ ಸೇರಿತು. ಪಾಲಾಕ್ಷಪ್ಪ ಗೆರೆ ದಾಟಿದ್ದೇ ತಡ, ತೋಪು ಎದ್ದಿತು. ಆಕಾಶ ಕಿತ್ತಳೆಯಾಯಿತು. ಅವು ಸೇತುವೆಯ ತನಕ ಬಂದವು, ಗೆರೆಯ ಮೇಲೆ ಸುತ್ತು ಹಾಕಿದವು, ತಿರುಗಿ ನಮ್ಮ ಹೋಟೆಲಿನ ಕಡೆಗೆ ಹೋದವು. ಆಚೆ ಬದಿಯಲ್ಲಿ ಒಬ್ಬರೇ ನಿಂತ ಪಾಲಾಕ್ಷಪ್ಪ ಅವಮಾನವಾದವರಂತೆ ಮೇಲೆ ನೋಡುತ್ತಿದ್ದರು.

ನಾವು ವಾಪಸು ಬಂದಾಗ ಹೋಟೆಲಿನ ಹೆಂಚಿನ ಮೇಲೆ, ಬೋರ್ಡಿನ ಮೇಲೆ, ಕಿಟಕಿಯ ಸರಳಿನ ಮೇಲೆ ಚಿಟ್ಟೆಗಳು ಕೂತಿದ್ದವು. ಒಳಗೆ ಮಣೆಯ ಮೇಲೆ ಒಂದು ಬಿದಿರು ಬುಟ್ಟಿಯಿತ್ತು. ಅದರಲ್ಲಿ ಕುಮುದ ಸೌದೆಯ ಗೂಡುಗಳಿಂದ ಬಂದ ಮುದುಡಿದ ರೆಕ್ಕೆಯವನ್ನೆಲ್ಲ ಸಾಕುತ್ತಿದ್ದಳು, ಸಕ್ಕರೆ ನೀರಿನಲ್ಲಿ ಹತ್ತಿ ಅದ್ದಿ ಕುಡಿಸುತ್ತಿದ್ದಳು. ಏಳೆಂಟು ಇರಬಹುದು.

"ಇವು ಹಾರಲ್ಲ ಅಂತ ಅವು ಕಾಯ್ತಿದಾವೆ ದೊಡ್ಡಮ್ಮ," ಅಂದಳು ಕುಮುದ. "ನಾವೇ ಎತ್ಕೊಂಡು ಹೋಗೋಣ."

ಎತ್ತಿಕೊಂಡು ಹೋಗುವುದೆಂದರೆ ಸೇತುವೆ ದಾಟುವುದು. ದಾಟಿದ ಮೇಲೆ ನೆಂಟರು ಹೊರಟ ಹಾಗೆ. ನೆಂಟರು ಹೊರಟರೆ ಕುಮುದಳೂ ಹೊರಟ ಹಾಗೆ. ಆರು ವರ್ಷದ ಮಗುವಿಗೆ ಅದು ಹೊಳೆದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ದಾಕ್ಷಾಯಿಣಿಗೆ ಹೊಳೆಯಿತು. ಅವಳು ಹತ್ತಿಯನ್ನು ಸಕ್ಕರೆ ನೀರಿಗೆ ಅದ್ದಿ ಮಗುವಿನ ಕೈಗೆ ಕೊಟ್ಟಳು. ಆಮೇಲೆ, "ಭಾನುವಾರ ಹೋಗೋಣ. ನಿಮ್ಮಮ್ಮ ಬಂದಿರ್ತಾಳೆ," ಅಂದಳು.

ಭಾನುವಾರ ಬೆಳಿಗ್ಗೆ ಮಗುವಿಗೆ ಎಣ್ಣೆ ನೀರು ಹಾಕಿ, ತಲೆ ಬಾಚಿ, ಎರಡು ಜಡೆ ಹಾಕಿ, ತಂಗಿ ಹೊಲಿದ ಹಸಿರು ಲಂಗ ತೊಡಿಸಿದಳು. ಬುಟ್ಟಿಗೆ ತೆಳ್ಳನೆ ಬಟ್ಟೆ ಕಟ್ಟಿದಳು. "ಬಟ್ಟೆ ಬಿಚ್ಚಬೇಡಿ, ದಾಟಿದ ಮೇಲೆ ನನ್ನ ಕೈಗೆ ಕೊಡಿ. ರೋಗ ಬಯಲಿಗೆ ಹೋಗಬಾರದು. ಇವು ಇರುವಷ್ಟು ದಿನ ನಾನು ನೋಡಿಕೊಳ್ಳುತ್ತೇನೆ," ಅಂದರು ಲವೀನಾ ಮೇಡಂ. ಬುಟ್ಟಿಯ ಒಂದು ಕಡೆ ಕುಮುದ, ಇನ್ನೊಂದು ಕಡೆ ದಾಕ್ಷಾಯಿಣಿ ಹಿಡಿದರು. ನಾನು ಬಟ್ಟೆಯ ಪೆಟ್ಟಿಗೆ ಹೊತ್ತು ಹಿಂದೆ ನಡೆದೆ. ಆ ಚಳಿಗಾಲದಲ್ಲಿ ನನ್ನ ಹೆಂಡತಿ ಸೇತುವೆಗೆ ಬಂದದ್ದು ಅದೇ ಮೊದಲು.

ಆಚೆ ಸರ್ವಮಂಗಳ ನಿಂತಿದ್ದಳು. ಅಕ್ಕನನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದು ಗೆರೆಯ ಹತ್ತಿರ ನಿಂತುಬಿಟ್ಟಳು. ದಾಕ್ಷಾಯಿಣಿ ನಿಲ್ಲಲಿಲ್ಲ. ನಿಂತರೆ ಮತ್ತೆ ಕಾಲು ಏಳುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು ಅಂತ ಕಾಣುತ್ತದೆ. ಬುಟ್ಟಿ ಗೆರೆ ದಾಟಿತು. ಮೊದಲು ಹೋಟೆಲಿನ ಹೆಂಚು ಖಾಲಿಯಾಯಿತು, ಆಮೇಲೆ ತೋಪು. ನೆಂಟರು ನಮ್ಮ ತಲೆಯ ಮೇಲೆ, ಭುಜದ ಪಕ್ಕ, ಪೆಟ್ಟಿಗೆಯನ್ನು ಸವರಿಕೊಂಡು ಹರಿದರು. ಅಷ್ಟೊಂದು ರೆಕ್ಕೆಗಳಿಗೆ ಸದ್ದಿರುತ್ತದೆ ಅಂತ ನನಗೆ ಅವತ್ತೇ ಗೊತ್ತಾದದ್ದು, ಸಣ್ಣ ಉರಿಯಲ್ಲಿ ಅವಲಕ್ಕಿ ಹುರಿದ ಹಾಗೆ. ಅವು ಗೆರೆಯ ಮೇಲೆ ಸುತ್ತು ಹಾಕಲಿಲ್ಲ. ಸೀದಾ ಬಯಲಿನ ಕಡೆ ಇಳಿದವು.

ದಾಕ್ಷಾಯಿಣಿ ಬುಟ್ಟಿಯನ್ನು ಮೇಡಂಗೆ ಕೊಟ್ಟು, ಸೊಂಟದಿಂದ ಬಾಚಣಿಗೆ ತೆಗೆದು ತಂಗಿಯ ಕೈಗಿಟ್ಟಳು. "ಬೈತಲೆ ಎಡಕ್ಕೆ ಓಡುತ್ತೆ ಕಣೇ. ಒದ್ದೆ ಇದ್ದಾಗ್ಲೇ ಬಾಚ್ಬೇಕು. ಎಳೆದ್ರೆ ಅಳ್ತಾಳೆ, ಎಳೀಬೇಡ," ಅಂದಳು. ಸರ್ವಮಂಗಳ ಅಕ್ಕನನ್ನು ಅಪ್ಪಿಕೊಂಡು ಜೋರಾಗಿ ಅತ್ತಳು. ಮಗು ಇಬ್ಬರ ನಡುವೆ ಸಿಕ್ಕಿ, "ಉಸಿರು ಕಟ್ತಿದೆ!" ಅಂತ ಕೂಗಿತು. ಪೆಟ್ಟಿಗೆಯನ್ನು ಬಸ್ಸಿಗೆ ಏರಿಸುವಾಗ ನಾನೂ ಅತ್ತೆ, ಯಾಕೆ ಸುಳ್ಳು ಹೇಳಲಿ.

ಆ ಬೇಸಿಗೆ ನನ್ನ ಹೆಂಡತಿ ಪ್ರತಿ ಭಾನುವಾರ ಬಸ್ಸು ಹತ್ತಿದಳು. ಮಡಿಲಲ್ಲಿ ಎಕ್ಕದ ಬೀಜದ ಗಂಟು, ಬಯಲಿನ ನಾಟಿ ಎಕ್ಕದ್ದು, ಮೇಡಂ ತೋರಿಸಿಕೊಟ್ಟದ್ದು. ಕಿಟಕಿಯಿಂದ ಕೈ ಹೊರಗೆ ಹಾಕಿ ರಸ್ತೆಯ ಅಂಚಿಗೆ ಬೀಜ ತೂರುತ್ತಾ ಹೋಗುತ್ತಿದ್ದಳು. ಹತ್ತಿಯಂಥ ನಾರು ಒಳಗೆ ಹಾರಿ ಪ್ರಯಾಣಿಕರ ಮೂಗಿಗೆ ಹೋಗಿ ಕಂಡಕ್ಟರ್ ಜಗಳ ತೆಗೆದನಂತೆ. ಹೊಲದವರ ಹತ್ತಿರ ಹೋಗಿ, "ಬದುವಿನ ಮೇಲೆ ಎರಡು ಎಕ್ಕ ಬಿಡಿ ಸ್ವಾಮಿ, ನಮ್ಮ ನೆಂಟರು ಬರ್ತಾರೆ," ಅಂತ ಕೇಳುತ್ತಿದ್ದಳಂತೆ. ಕೆಲವರು ನಕ್ಕರು, ಕೆಲವರು ಬಿಟ್ಟರು.

ಮತ್ತೆ ಚಳಿ ಶುರುವಾಯಿತು. ನೆಂಟರು ಇವತ್ತೋ ನಾಳೆಯೋ ಅನ್ನುವ ದಿನ. ಅವರು ಬರುತ್ತಾರೋ ಇಲ್ಲವೋ ಅಂತ ಊರಿಗೆಲ್ಲ ಭಯವಿತ್ತು, ದಾಕ್ಷಾಯಿಣಿಯಂತೂ ಎರಡು ದಿನದಿಂದ ಉಂಡಿರಲಿಲ್ಲ. ಸಂಜೆಯ ಕಡೆಯ ಬಸ್ಸಿನಿಂದ ಸರ್ವಮಂಗಳ ಇಳಿದಳು. ಜೊತೆಗೆ ಕುಮುದ, ಕೆಂಪು ಲಂಗದಲ್ಲಿ.

"ಒಂದು ದಿನ ಇದ್ದು ಹೋಗೋಣ ಅಂತ ಬಂದ್ವಿ ಭಾವ," ಅಂದಳು. ಬಸ್ಸಿನ ಮೇಲಿನಿಂದ ಎರಡು ಪೆಟ್ಟಿಗೆ, ಮೂರು ಕಂಬಳಿ, ಮಗುವಿನ ಶಾಲೆಯ ಚೀಲ ಇಳಿದವು. ಕೊನೆಗೆ ಇಬ್ಬರು ಹಿಡಿದು ಹೊಲಿಗೆ ಮಿಷನ್ನನ್ನೂ ಇಳಿಸಿದರು. ನಾನು ಮಿಷನ್ನು ನೋಡಿದೆ, ನಾದಿನಿಯ ಮುಖ ನೋಡಿದೆ. ಅವಳು ಬೇರೆ ಕಡೆ ನೋಡಿದಳು.

ಮಾರನೇ ದಿನ ಬಿಸಿಲು ಏರುವ ಹೊತ್ತಿಗೆ ಮೊದಲ ಚಿಟ್ಟೆ ನಮ್ಮ ಹೋಟೆಲಿನ ಬೋರ್ಡಿನ ಮೇಲೆ ಕೂತಿತು. ಅದರ ಹಿಂದೆ ಆಕಾಶದ ತುಂಬ ಉಳಿದವು. ಯಾವತ್ತೂ ಈ ಊರು ನೋಡದ ಮರಿಮಕ್ಕಳು, ಸೀದಾ ತೋಪಿಗೆ ಬಂದವು. ದಾಕ್ಷಾಯಿಣಿ ಅಂಗಳದಲ್ಲಿ ನಿಂತು ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದಳು. ಸರ್ವಮಂಗಳ ಅವಳ ಪಕ್ಕಕ್ಕೆ ಬಂದು, "ಅಯ್ಯೋ, ಸಿಕ್ಕಿಬಿದ್ವಲ್ಲ ಅಕ್ಕ! ಈಗ ಏನ್ ಮಾಡೋದು?" ಅಂದಳು. ಸುಳ್ಳು ಹೇಳುವುದಕ್ಕೆ ಅವಳಿಗೆ ಬರುವುದೇ ಇಲ್ಲ.

ದಾಕ್ಷಾಯಿಣಿ ಬಾಯಿಂದ ಸೆರಗು ತೆಗೆದಳು. ಕುಮುದಳ ತಲೆ ಮುಟ್ಟಿ ನೋಡಿದಳು. ಬೈತಲೆ ಎಡಕ್ಕೆ ಓಡದೆ ನೆಟ್ಟಗಿತ್ತು. ಆದರೂ, "ಬಾಚಣಿಗೆ ತಾ ಇಲ್ಲಿ," ಅಂತ ಕೈ ಚಾಚಿದಳು. ನಾನು ಒಳಗೆ ಹೋಗಿ ಮಧ್ಯಾಹ್ನದ ಅಡುಗೆಗೆ ಅಕ್ಕಿ ಅಳೆದೆ, ಮೂರು ಜನಕ್ಕಾಗುವಷ್ಟು ಹೆಚ್ಚಿಗೆ ಹಾಕಿದೆ. ದಾಕ್ಷಾಯಿಣಿ ಅವತ್ತು ಉಣ್ಣುತ್ತಾಳೆ ಅಂತ ನನಗೆ ಗೊತ್ತಿತ್ತು.